ಗಿಲಕಿಯ ಕೆಂಪು ಪಟ್ಟಿ

ಬುಧವಾರ ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಬೆಂಗಳೂರಿನಿಂದ ಹೊರಟೆ. ರಾಮನಗರದವರೆಗಿನ ಟಿಕೆಟ್ಟಿಗೆ ಕೊಟ್ಟ ಹಣ ನಿಲ್ದಾಣದ ಹೊರಗೆ ಕುಡಿದ ಕಾಫಿಗಿಂತ ಹೆಚ್ಚೇನಿರಲಿಲ್ಲ. ಚೀಲದಲ್ಲಿ ಒಂದು ಜೊತೆ ಬಟ್ಟೆ, ನೀರಿನ ಬಾಟಲಿ, ಮಡಿಕೆ ಬೀಳದಂತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಎರಡು ಪುಟದ ಇಂಗ್ಲಿಷ್ ಪತ್ರ ಇದ್ದವು. ಆ ಪತ್ರಕ್ಕೆ ಚನ್ನಪಟ್ಟಣದ ಶಾಹೀನಾ ಅವರ ಸಹಿ ಹಾಕಿಸಿ, ಶುಕ್ರವಾರದೊಳಗೆ ಯುರೋಪಿನ ಒಬ್ಬ ಖರೀದಿದಾರನಿಗೆ ಕಳಿಸಬೇಕಿತ್ತು.

ಶಾಹೀನಾ ಎಂಟು ಹೆಂಗಸರನ್ನು ಇಟ್ಟುಕೊಂಡು ಮರದ ಆಟಿಕೆ ಮಾಡಿಸುತ್ತಾರೆ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಹೋದ ವರ್ಷ ಕುಶಲಕರ್ಮಿಗಳ ಒಂದು ಶಿಬಿರದಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ನಿಯಮಗಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ದೆ. ಎರಡನೇ ಮಹಾಯುದ್ಧದ ನಂತರ ಕೆಲವು ದೇಶಗಳು ಕೂತು ಸುಂಕ ಇಳಿಸಲು ಒಪ್ಪಿದ್ದು, ಆ ಒಪ್ಪಂದ ಬೆಳೆದು ಬಹುಪಾಲು ಜಗತ್ತನ್ನೇ ಒಳಗೊಂಡಿದ್ದು, ಒಂದು ದೇಶಕ್ಕೆ ಕೊಟ್ಟ ರಿಯಾಯಿತಿಯನ್ನು ಉಳಿದ ಸದಸ್ಯರಿಗೂ ಕೊಡಬೇಕೆಂಬುದು, ಗಡಿ ದಾಟಿ ಒಳಗೆ ಬಂದ ಸರಕನ್ನು ಮನೆಯ ಸರಕಿನಂತೆಯೇ ಕಾಣಬೇಕೆಂಬುದು. ಇದೆಲ್ಲವನ್ನೂ 'ತಾರತಮ್ಯ ಮಾಡುವಂತಿಲ್ಲ' ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೆ. ನಾನು ಮರೆತ ಆ ಮಾತನ್ನು ಶಾಹೀನಾ ನೆನಪಿಟ್ಟುಕೊಂಡಿದ್ದರು.

ಈ ವರ್ಷ ಅವರಿಗೆ ನಾನೂರು ಗಿಲಕಿಗಳ ಆರ್ಡರ್ ಬಂತು. ಮೊದಲು ಮಾಡಿದವುಗಳಲ್ಲಿ ಒಂದನ್ನು ನನ್ನ ಅಕ್ಕನ ಮಗಳಿಗೆಂದು ಕೊಟ್ಟಿದ್ದರು. ಹನ್ನೆರಡನ್ನು ಮಾದರಿಯಾಗಿ ಕಳಿಸಿದ್ದರು. ಮಾದರಿಗಳು ಪರೀಕ್ಷೆಯಲ್ಲಿ ಬಿದ್ದವು. ಹಿಡಿಯ ಮೇಲಿನ ಕೆಂಪು ಪಟ್ಟಿಯಲ್ಲಿ ಸೀಸ ಇದೆ ಎಂದು ವರದಿ ಬಂತು. ಶುಕ್ರವಾರದೊಳಗೆ ಉತ್ತರ ಬರದಿದ್ದರೆ ಆರ್ಡರ್ ರದ್ದು ಎಂದು ಖರೀದಿದಾರ ಬರೆದಿದ್ದ.

"ನಮ್ದು ರಂಗಮಾಲೆ ಬೀಜದ ಕೆಂಪು ಮೇಡಂ, ಗಿಡದ್ದು. ಗಿಡದಾಗೆ ಸೀಸ ಎಲ್ಲಿಂದ ಬತ್ತದೆ? ಬಡವರ ಮಾಲು ಅಂತ ತಡೆದವ್ರೆ. ತಾರತಮ್ಯ ಮಾಡಂಗಿಲ್ಲ ಅಂತ ನೀವೇ ಯೋಳಿದ್ರಲ್ಲ, ಅದನ್ನೇ ಬರೆದುಕೊಡಿ" ಎಂದು ಫೋನಿನಲ್ಲಿ ಹೇಳಿದರು. ಬರೆದುಕೊಟ್ಟೆ. ಸುರಕ್ಷತೆಯ ನೆಪದಲ್ಲಿ ಕಟ್ಟಿದ ಗೋಡೆ ಎಂಬರ್ಥದ ಒಂದು ವಾಕ್ಯ ನನಗೇ ತುಂಬ ಹಿಡಿಸಿತ್ತು.

ಶಾಹೀನಾರ ತಮ್ಮ ಅಫ್ಸರ್ ರೇಷ್ಮೆ ನೂಲು ತೆಗೆಯುವವರು. ನನ್ನನ್ನು ಕರೆದೊಯ್ಯಲು ಬರಬೇಕಾದವರು ಅವರೇ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಕೆಲಸ ಮುಗಿದಿಲ್ಲ, ಅಲ್ಲಿಗೇ ಬನ್ನಿ ಎಂದರು. ಒಳಗೆ ಹಸಿ ಗೂಡಿನ ವಾಸನೆ ಗಂಟಲಿಗೆ ಹಿಡಿಯುವಂತಿತ್ತು. ಬೆಲೆ ಈಗ ಮೊಬೈಲಿನಲ್ಲಿ ಕೂಗುತ್ತಾರೆ. ಆದರೆ ಕೂಗುವ ಮುಂಚೆ ಅಫ್ಸರ್ ಪ್ರತಿ ರಾಶಿಯ ಒಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಗೂಡು ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು.

"ಏನ್ ಸಾಯ್ಬ್ರೇ, ಅಡೀಲಿ ಚಿನ್ನ ಹೂತಿಟ್ಟಿವ್ನಾ?" ಎಂದ ಒಬ್ಬ ರೈತ.

"ಚಿನ್ನ ಮೇಲೇ ಇಟ್ಟಿದ್ದೀಯ ಕಣಣ್ಣ. ಅಡೀಲಿ ಏನಿಟ್ಟಿದ್ದೀಯ ಅಂತ ನೋಡ್ತಿವ್ನಿ."

ಸುತ್ತ ಇದ್ದವರು ನಕ್ಕರು, ರೈತನೂ ನಕ್ಕ. ಯಾರ ರಾಶಿಯೂ ಈ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ, ಪರಿಚಯದವರದೂ ಅಷ್ಟೆ. ತಾರತಮ್ಯವಿಲ್ಲ ಎಂದರೆ ಇದು, ನನ್ನ ಪತ್ರದ ವಾದಕ್ಕೆ ಇದೇ ಒಳ್ಳೆಯ ಉದಾಹರಣೆ ಎಂದುಕೊಂಡು ಡೈರಿಯಲ್ಲಿ ಗುರುತು ಹಾಕಿದೆ.

ಚನ್ನಪಟ್ಟಣಕ್ಕೆ ಹನ್ನೆರಡು ಕಿಲೋಮೀಟರ್. ಸ್ಕೂಟರಿನಲ್ಲಿ ಅರ್ಧ ಗಂಟೆ ಹಿಡಿಯಿತು. ಶಾಹೀನಾರ ಮನೆಯ ಮುಂದಿನ ಶೀಟಿನ ಕೋಣೆಯೇ ಕಾರ್ಖಾನೆ. ಗೋಡೆಗೆ ಒತ್ತಿ, ಮಾಡಿ ಮುಗಿಸಿದ ಗಿಲಕಿಗಳ ಆರು ರಟ್ಟಿನ ಪೆಟ್ಟಿಗೆ. ಅವರ ಮಾವ ಮಹಬೂಬ್ ಸಾಹೇಬರು ಮರ ತಿರುಗಿಸುವ ಯಂತ್ರದ ಮುಂದೆ ಕೂತು, ತಿರುಗುತ್ತಿರುವ ಬಿಳಿಯ ಆಲೆ ಮರದ ತುಂಡಿಗೆ ಹಳದಿ ಅರಗಿನ ಕಡ್ಡಿ ಒತ್ತುತ್ತಿದ್ದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತಿತ್ತು. ಆಮೇಲೆ ತಾಳೆ ಗರಿ ಹಿಡಿದರೆ ಕನ್ನಡಿಯ ಹೊಳಪು. ಮಕ್ಕಳ ಆಟಿಕೆಗೆ ಗಿಡಮೂಲದ ಬಣ್ಣದ ಅರಗು. ಕರ್ಟನ್ನಿನ ಉಂಗುರ, ಬಳೆಗಳಿಗೆ ಅಂಗಡಿಯ ಬಣ್ಣದ ಅರಗು. ಎರಡಕ್ಕೂ ಬೇರೆ ಬೇರೆ ತಟ್ಟೆ.

ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ. ಶಾಹೀನಾರ ಮುಖ ಅರಳಿತು. "ಸರಿಯಾಗಿ ಕೊಟ್ಟಿದ್ದೀರ ಮೇಡಂ!"

ಸಾಹೇಬರು ಯಂತ್ರ ನಿಲ್ಲಿಸಿ, "ಬರೆದಾಯ್ತಲ್ಲ, ಕಳಿಸಿಬಿಡಿ" ಎಂದರು.

ನಾನೇ ತಡೆದೆ. ಬಣ್ಣ ಗಿಡದ್ದೇ ಎನ್ನಲು ಒಂದು ದಾಖಲೆ ಇದ್ದರೆ ಪತ್ರಕ್ಕೆ ತೂಕ ಬರುತ್ತದೆ ಎಂದೆ. ಬೀಜ ಎಲ್ಲಿಂದ ತರುತ್ತೀರಿ ಎಂದು ಕೇಳಿದೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಪುಟ್ಟಮ್ಮ ಎಂಬುವರ ಬೇಲಿಯಲ್ಲಿ ರಂಗಮಾಲೆ ಗಿಡಗಳಿವೆ, ವರ್ಷಕ್ಕೊಮ್ಮೆ ಮಾವನವರೇ ಹೋಗಿ ತರುತ್ತಾರೆ ಎಂದರು ಶಾಹೀನಾ.

"ಅಷ್ಟು ದೂರ ಯಾಕೆ, ಬಿಸಿಲು" ಎಂದರು ಸಾಹೇಬರು. ನನ್ನ ಮೇಲಿನ ಕಾಳಜಿ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಶಾಹೀನಾ ಮತ್ತು ನಾನು ರಾಮನಗರದಲ್ಲಿ ಮಾಗಡಿ ಬಸ್ಸು ಹತ್ತಿದೆವು. ಸರ್ಕಾರಿ ಬಸ್ಸು, ಆಧಾರ್ ತೋರಿಸಿದ್ದಕ್ಕೆ ಸೊನ್ನೆ ರೂಪಾಯಿಯ ಟಿಕೆಟ್ ಸಿಕ್ಕಿತು. ಪಕ್ಕದಲ್ಲೇ ನಿಂತಿದ್ದ ಕನಕಪುರದ ಬಸ್ಸಿನ ಕಂಡಕ್ಟರು "ಇಲ್ಲೂ ಸೀಟೈತೆ ಬನ್ರವ್ವಾ" ಎಂದು ತಮಾಷೆ ಮಾಡಿದ. ದಾರಿಯುದ್ದಕ್ಕೂ ಬಂಡೆ, ಮಾವಿನ ತೋಪು, ಮತ್ತೆ ಬಂಡೆ. ಮಾಗಡಿಯಲ್ಲಿ ಇಡ್ಲಿ ತಿಂದು ಆಟೋದಲ್ಲಿ ಕಲ್ಯಕ್ಕೆ ಹೋದೆವು.

ಪುಟ್ಟಮ್ಮ ಕುರಿಮರಿಗೆ ಸೊಪ್ಪು ಕಟ್ಟುತ್ತಿದ್ದರು. ಶಾಹೀನಾ ತಮ್ಮ ಗುರುತು ಹೇಳುತ್ತಲೇ, "ಓ, ಮಾಬು ಸಾಯ್ಬ್ರ ಸೊಸೆಯಾ? ಎಲ್ಲವ್ವಾ ನಿಮ್ಮ ಮಾವ? ಈ ಸಲ ಈ ಕಡೀಕೆ ತಲೇನೇ ಹಾಕ್ಲಿಲ್ವಲ್ಲ! ನನ್ನ ಮೇಲೇನು ಮುನಿಸಾ?" ಎಂದರು.

ಶಾಹೀನಾ ನಕ್ಕರು. "ಬಂದಿದ್ರಲ್ಲ ಪುಟ್ಟಮ್ನೋರೇ, ಸಂಕ್ರಾಂತಿ ಆದ್ಮೇಲೆ."

"ಎಲ್ಲಿ ಬಂದವ್ರೆ? ನೋಡು ಬಾ ಇಲ್ಲಿ. ಬತ್ತಾರೆ ಬತ್ತಾರೆ ಅಂತ ಬೇರೆಯೋರ್ಗೂ ಕೊಡದೆ ಹಂಗೇ ಬುಟ್ಬುಟ್ಟೆ."

ಬೇಲಿಯಲ್ಲಿ ನಾಲ್ಕು ಗಿಡಗಳು. ಮುಳ್ಳುಮುಳ್ಳಿನ ಕಾಯಿಗಳು ಗೊಂಚಲು ಗೊಂಚಲಾಗಿ ಗಿಡದಲ್ಲೇ ಒಣಗಿ ಬಾಯಿ ಬಿಟ್ಟಿದ್ದವು. ಒಳಗೆ ಕೆಂಪು ಬೀಜ ಕಾಣುತ್ತಿತ್ತು. ಒಂದೂ ಕಿತ್ತಿರಲಿಲ್ಲ. ದಾಖಲೆಗೆಂದು ಎತ್ತಿದ ಫೋನನ್ನು ನಾನು ಕೆಳಗಿಳಿಸಿದೆ. ಪತ್ರ ಚೀಲದಲ್ಲೇ ಇತ್ತು. ಶಾಹೀನಾ ಒಂದು ಕಾಯಿ ಕಿತ್ತು ಅಂಗೈ ಮೇಲೆ ತಿಕ್ಕಿದರು. ಕಿತ್ತಳೆ ಬೆರೆತ ಮಂಕು ಕೆಂಪು. ಗಿಲಕಿಯ ಕೆಂಪು ಕುಂಕುಮದಷ್ಟು ಗಾಢವಾಗಿತ್ತು. ನಾವಿಬ್ಬರೂ ಅದನ್ನು ಎಷ್ಟು ಸಲ ಕೈಯಲ್ಲಿ ಹಿಡಿದು ನೋಡಿರಲಿಲ್ಲ!

ಬಂದ ದಾರಿಯಲ್ಲೇ ಚನ್ನಪಟ್ಟಣಕ್ಕೆ ಹಿಂತಿರುಗಿದೆವು. ಪುಟ್ಟಮ್ಮ ಕಿತ್ತುಕೊಟ್ಟ ಕಾಯಿಗಳ ಚೀಲ ಶಾಹೀನಾರ ಮಡಿಲಲ್ಲಿತ್ತು.

ಆ ಚೀಲವನ್ನು ಅವರು ಮಾವನ ಯಂತ್ರದ ಪಕ್ಕ ಇಟ್ಟರು. ಸಾಹೇಬರು ಯಂತ್ರ ನಿಲ್ಲಿಸಿ ಒಂದು ಕಾಯಿ ಕೈಗೆತ್ತಿಕೊಂಡರು.

"ಮಂಡಿ ಬಗ್ಗಲಿಲ್ಲಮ್ಮ" ಎಂದರು. "ಬಸ್ ಸ್ಟ್ಯಾಂಡಿಗೆ ಹೋದೆ, ಮೆಟ್ಲು ಹತ್ತಾಕಾಗ್ದೆ ವಾಪಸ್ ಬಂದೆ. ಹೆಂಗೆ ಯೋಳಲಿ? ಕೂರಿಸಿಬಿಡ್ತೀರಿ ಮೂಲೇಲಿ. ಒಂದು ಬೆರಳಗಲ ಪಟ್ಟಿ ತಾನೆ ಅಂತ ಆ ಬಳೆ ತಟ್ಟೆಯ ಕಡ್ಡಿ ಹಾಕಿದೆ. ಜನ್ಮೆಲ್ಲ ಬಳೆಗೆ ಅದನ್ನೇ ಹಾಕೀವ್ನಿ. ಯಾರಿಗೇನಾಗೈತೆ?"

"ಬಳೇನ ಯಾರೂ ಚೀಪಲ್ಲ, ಅಬ್ಬಾಜಾನ್" ಎಂದರು ಶಾಹೀನಾ.

ಶಿಬಿರದಲ್ಲಿ ಸಮಯ ಸಾಲದೆ ನಾನು ಬಿಟ್ಟುಬಿಟ್ಟ ಒಂದು ಪುಟ ನೆನಪಾಯಿತು. ಜನರ ಜೀವಕ್ಕೆ ಅಪಾಯ ತರುವ ಸರಕನ್ನು ಯಾವ ದೇಶವಾದರೂ ತಡೆಯಬಹುದು. ಆ ತಡೆ ಎಲ್ಲರಿಗೂ ಒಂದೇ ಆಗಿರಬೇಕು, ಅಷ್ಟೇ ಷರತ್ತು. ಆ ಖರೀದಿದಾರ ನಮ್ಮ ರಾಶಿಯ ತಳಕ್ಕೆ ಕೈ ಇಳಿಸಿದ್ದ. ಅದನ್ನೇ ನಾನು ಎರಡು ಪುಟ ತುಂಬ ಅನ್ಯಾಯ ಎಂದು ಬರೆದಿದ್ದೆ.

ಪತ್ರ ಹರಿದೆ. ಶಾಹೀನಾ ಹೇಳಿದಂತೆ ಇನ್ನೊಂದನ್ನು ಅಲ್ಲೇ ಕೂತು ಬರೆದೆ, ಐದು ಸಾಲಾಯಿತು. ತಪ್ಪು ನಮ್ಮದು, ಕೆಂಪು ಬಣ್ಣವನ್ನು ಪೂರ್ತಿ ಕೆತ್ತಿ ತೆಗೆದು ಹೊಸ ಮಾದರಿ ಕಳಿಸುತ್ತೇವೆ, ಮತ್ತೆ ಪರೀಕ್ಷೆ ಮಾಡಿಸಿ. ಫೋಟೋ ತೆಗೆದು ಕಳಿಸಿದಾಗ ಗುರುವಾರ ಸಂಜೆ ನಾಲ್ಕು ಗಂಟೆ. ಅವನು ಒಪ್ಪುತ್ತಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಎಂಟು ಹೆಂಗಸರಲ್ಲಿ ಒಬ್ಬರು, "ಸುಮ್ಕೆ ಮೊದಲ್ನೇ ಕಾಗದ ಕಳಿಸಿದ್ರೆ ಮಾಲು ಹೋಗ್ತಿತ್ತೇನೋ" ಎಂದರು.

ಶಾಹೀನಾ ಮೊದಲ ಪೆಟ್ಟಿಗೆಯನ್ನು ಬಿಚ್ಚಿ, ಉಳಿಯನ್ನು ಮಾವನ ಕೈಗೆ ಕೊಟ್ಟರು. "ಕೂರಿಸಲ್ಲ ಮೂಲೇಲಿ. ನೀವೇ ತೆಗೀರಿ, ನಾನೂರನ್ನೂ." ಯಂತ್ರ ತಿರುಗಿತು. ಕೆಂಪು ಅರಗು ಸುರುಳಿ ಸುರುಳಿಯಾಗಿ ಕೆಳಗೆ ಹಾಸಿದ ಗೋಣಿಯ ಮೇಲೆ ಬಿತ್ತು. ಪಟ್ಟಿ ಇದ್ದ ಜಾಗದಲ್ಲಿ ಬರಿಯ ಬಿಳಿ ಮರ ಕಾಣಿಸಿತು.

ಆ ಮೊದಲ ಗಿಲಕಿಯನ್ನು ಒರೆಸಿ ಒಳಗಿಡಲು ಹೋದ ಶಾಹೀನಾ ತಟ್ಟನೆ ನನ್ನ ಕಡೆ ತಿರುಗಿದರು.

"ಮೇಡಂ, ನಿಮ್ಮಕ್ಕನ ಮಗು!"

ಎರಡು ದಿನ ಸೀಸದ ಬಗ್ಗೆಯೇ ಮಾತಾಡಿದ ನನಗೆ ಅದು ಹೊಳೆದೇ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜು ಹಾಕಿದೆ. ಶಾಹೀನಾ ಬಿಳಿ ಪಟ್ಟಿಯ ಗಿಲಕಿಯನ್ನು ನನ್ನ ಚೀಲಕ್ಕೆ ತುರುಕಿದರು. ಅಫ್ಸರ್ ಸ್ಕೂಟರಿನಲ್ಲಿ ರೈಲಿಗೆ ಬಿಟ್ಟರು. ರಾಮನಗರ, ಬಿಡದಿ, ಕೆಂಗೇರಿ, ಪ್ರತಿ ನಿಲ್ದಾಣದಲ್ಲೂ ಫೋನ್ ಮಾಡಿದೆ. ರೈಲು ಕುಲುಕಿದಾಗಲೆಲ್ಲ ಚೀಲದೊಳಗೆ ಗಿಲಕಿ ಸದ್ದು ಮಾಡುತ್ತಿತ್ತು. ಎದುರಿನ ಸೀಟಿನವರು ತಿರುಗಿ ನೋಡುತ್ತಿದ್ದರು.

ಬಾಗಿಲು ತೆಗೆದ ಅಕ್ಕ, "ಫೋನ್ ಚಾರ್ಜಿಗಿಟ್ಟಿದ್ದೆ ಕಣೇ. ಏನು, ಮುಖ ಹೀಗಿದೆ?" ಎಂದಳು.

ಮಗು ಚಾಪೆಯ ಮೇಲೆ ಕೂತಿತ್ತು. ಗಿಲಕಿಯ ಹಿಡಿ ಬಾಯಲ್ಲಿತ್ತು. ಕೈಯಿಂದ ಬಿಡಿಸಿಕೊಂಡು ದೀಪದ ಬೆಳಕಿಗೆ ಹಿಡಿದೆ. ಕುಂಕುಮದಂತಿದ್ದ ಪಟ್ಟಿ, ಹೊಸದಾಗಿ ಮೂಡಿದ ಎರಡು ಹಲ್ಲು ತಾಗುವ ಕಡೆ ಸವೆದು, ಮರ ಬೆಳ್ಳಗೆ ಕಾಣುತ್ತಿತ್ತು.