ಅಡ್ಡಿಯಿಲ್ಲವೆಂದ ಮೂಗು

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಗುಡ್ಡೆಯ ಕಡೆಯಿಂದ ಗೇರು ಹೂವಿನ ವಾಸನೆ ಬಂತು. ನಿಮಗೆ ಇದರಲ್ಲಿ ವಿಶೇಷ ಕಾಣದಿರಬಹುದು. ನನಗೋ, ಆ ಹೂವು ಬಿಟ್ಟಿತೆಂದರೆ ಮೂಗು ಕಟ್ಟುತ್ತಿದ್ದ ಕಾಲವೊಂದಿತ್ತು. ಅದಕ್ಕೆ ಇಷ್ಟು ಸಿಹಿ ವಾಸನೆಯುಂಟೆಂದು ಗೊತ್ತಾದದ್ದೇ ನಲವತ್ತು ದಾಟಿದ ಮೇಲೆ.

ನಾನು ಕ್ಷೌರಿಕ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕತ್ತಿ ಹಿಡಿದವನು. ಕಾಸರಗೋಡಿನಲ್ಲಿ ನನ್ನಷ್ಟು ಹಗುರದ ಕೈ ಇನ್ನೊಂದಿಲ್ಲವೆಂದು ಈಗಲೂ ಹೇಳುತ್ತೇನೆ, ಬೇಕಾದರೆ ಜಗಳಕ್ಕೂ ನಿಲ್ಲುತ್ತೇನೆ. ಆದರೆ ಮೂಗು ಕೇಳಬೇಕಲ್ಲ! ಗೇರು ಹೂ ಬಿಡುವ ತಿಂಗಳುಗಳಲ್ಲಿ ಒಂದರ ಹಿಂದೆ ಒಂದು ಸೀನು. ಗಂಟಲ ಮೇಲೆ ಕತ್ತಿ ಇಟ್ಟು ಸೀನುವವನನ್ನು ಯಾರು ನಂಬುತ್ತಾರೆ?

ಪ್ರತಿ ಶುಕ್ರವಾರ ತಲೆ ಬೋಳಿಸಲು ಬರುತ್ತಿದ್ದ ಬಟ್ಟೆ ಅಂಗಡಿಯ ಹಾಜಿಯವರು ತುಂಬ ಸಹಿಸಿದರು. "ನೀನು ಸೀನಲಿಕ್ಕೆ ಹೊರಟರೆ ನನ್ನ ಬಾಯಲ್ಲಿ ಸಾಯುವಾಗ ಹೇಳುವ ಕಲಿಮ ಬರ್ತದೆ ಮಾರಾಯ" ಎಂದು ನಗಿಸುತ್ತಿದ್ದರು. ಒಂದು ದಿನ ನಗಿಸಲಿಲ್ಲ. "ಬೇಜಾರು ಮಾಡಬೇಡ. ಹೂ ಮುಗಿಯುವವರೆಗೆ ಆಚೆ ಅಂಗಡಿಯಲ್ಲಿ ಮಾಡಿಸ್ತೇನೆ." ಅವರ ಹಿಂದೆ ಉಳಿದವರೂ ಹೊರಟರೆ ನಾನು ಬಾಗಿಲು ಹಾಕಬೇಕಿತ್ತು.

ಆಗಲೇ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಇಂಥ ಮೂಗುಗಳಿಗೆಂದೇ ಹೊಸ ಮದ್ದಿನ ಪರೀಕ್ಷೆ ನಡೆಯುತ್ತಿದೆಯೆಂದು ತಿಳಿದು ರೈಲು ಹತ್ತಿದೆ. ಮೂಗಿನೊಳಗೆ ಸಿಂಪಡಿಸುವ ಸಣ್ಣ ಬಾಟಲಿ. ಕೆಲವರದರಲ್ಲಿ ಮದ್ದು, ಕೆಲವರದರಲ್ಲಿ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲವಂತೆ. ಗೊತ್ತಿಲ್ಲವೆಂದು ಡಾಕ್ಟರೊಬ್ಬರು ಅಷ್ಟು ಸಮಾಧಾನದಲ್ಲಿ ಹೇಳಿದ್ದನ್ನು ನಾನು ಅಂದೇ ಕೇಳಿದ್ದು.

ಬಾಟಲಿ ಕೊಡುವ ಮೊದಲು ಸಿಸ್ಟರ್ ಕೇಳಿದರು, "ಮೂಗು ಹೇಗುಂಟು?"

"ಅಡ್ಡಿಯಿಲ್ಲ."

"ತುರಿಕೆ?"

"ಅಡ್ಡಿಯಿಲ್ಲ."

"ಸೀನು?"

ಉತ್ತರಕ್ಕೆ ಬಾಯಿ ತೆಗೆದರೆ ಸಾಲಾಗಿ ಸೀನೇ ಬಂತು. ಮೂಗು ಒರೆಸಿಕೊಂಡು "ಅಡ್ಡಿಯಿಲ್ಲ" ಎಂದೆ.

ಅವರು ಪೆನ್ನು ಕೆಳಗಿಟ್ಟರು. "ಎಂತ ಅಣ್ಣ, ಮೂಗು ಪೂರಾ ಕಟ್ಟಿ ಉಂಟು, ಅಡ್ಡಿಯೇ ಇಲ್ಲ ಅಂದ್ರೆ ನಾನು ಎಂತ ಬರೆಯುವುದು?"

"ಯಾರು ಕೇಳಿದ್ರೂ ಹಾಗೆ ಹೇಳುವುದಲ್ವಾ ಸಿಸ್ಟರ್?"

"ಅದು ಮದುವೆ ಮನೆಯಲ್ಲಿ. ಇಲ್ಲಿ ಮರ್ಯಾದೆಗೆ ಹೇಳಿದ್ರೆ ನೀರು ಯಾವುದು, ಮದ್ದು ಯಾವುದು ಅಂತ ಗೊತ್ತಾಗುವುದು ಹೇಗೆ?"

ಜ್ವರವಿದ್ದರೂ, ಮನೆಯ ಮಾಡು ಸೋರಿದರೂ ನಮ್ಮದು ಅಡ್ಡಿಯಿಲ್ಲವೇ. ದುಡಿದು ತಿನ್ನುವವನು ಇನ್ನೇನು ಹೇಳುವುದು? ಹೆಂಡತಿಗೂ ನಾನು ಬೇರೆ ಉತ್ತರ ಕೊಟ್ಟವನಲ್ಲ. ಅಂದು ನೆಲ ನೋಡುತ್ತ ಹೇಳಿದೆ: "ತಡೆಯಲಿಕ್ಕೆ ಆಗುವುದಿಲ್ಲ ಸಿಸ್ಟರ್. ಕೆಲಸ ಹೋಗ್ತದೋ ಅಂತ ಹೆದರಿಕೆ."

"ಹೆದರಿಕೆ ಬರೆಯಲಿಕ್ಕೆ ಈ ಫಾರ್ಮಿನಲ್ಲಿ ಜಾಗ ಇಲ್ಲ," ಎಂದು ಮೆಲ್ಲಗೆ ನಕ್ಕರು. "ಮೂಗಿನದ್ದು ಬರೆದೆ."

ವಾರ ಕಳೆಯುವುದರೊಳಗೆ ಉಸಿರು ಸಲೀಸಾಯಿತು. ಬರೀ ನೀರೂ ಇರಬಹುದು, ಹಾರಾಡಬೇಡ ಎಂದು ಮೂಗಿಗೆ ಬುದ್ಧಿ ಹೇಳಿಕೊಂಡೆ. ಪರೀಕ್ಷೆ ಪೂರ್ತಿ ಮುಗಿದ ಮೇಲೆ ತಿಳಿಸಿದರು, ನನಗೆ ಸಿಕ್ಕಿದ್ದು ಮದ್ದೇ. ಹಾಜಿಯವರ ಅಂಗಡಿಗೆ ನಾನೇ ಹೋಗಿ ಕರೆದೆ. ಬಂದರು, ಆದರೆ ಆ ವರ್ಷವೆಲ್ಲ ಕನ್ನಡಿಯಲ್ಲಿ ನನ್ನ ಮೂಗನ್ನೇ ಕಾಯುತ್ತ ಕುಳಿತಿದ್ದರು.

ಅಂಥ ಬಾಟಲಿ ಈಗ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಇವತ್ತೂ ಶುಕ್ರವಾರ. ಹಾಜಿಯವರ ಅರ್ಧ ತಲೆ ಆಗುವಾಗ ಸಣ್ಣ ಗೊರಕೆ ಕೇಳಿಸಿತು. ಕತ್ತಿ ಎತ್ತಿ ಹಿಡಿದು ನಿಂತುಬಿಟ್ಟೆ.

"ನಿಲ್ಲಿಸಿದ್ದು ಎಂತಕ್ಕೆ ಮಾರಾಯ? ನನಗೆ ಬಸ್ಸು ಉಂಟು," ಎಂದರು ಬೆಂಚಿನಲ್ಲಿದ್ದ ಮಾಷ್ಟ್ರು.

"ಮೆಲ್ಲ ಮಾತಾಡಿ ಮಾಷ್ಟ್ರೇ," ಎಂದೆ. "ಹಾಜಿಯವರಿಗೆ ನಿದ್ದೆ ಬಂದಿದೆ."