ಅಪ್ಪನ ನೆನಪಿನಲ್ಲಿ ಇಲ್ಲದವರು

ಹಾನಗಲ್ಲಿನಲ್ಲಿ ನಮ್ಮದು ಬೀಜದ ಅಂಗಡಿ. ಅಪ್ಪ ಹಾಕಿದ್ದು, ಈಗ ಅಪ್ಪ, ನಾನು ಇಬ್ಬರೂ ನೋಡಿಕೊಳ್ಳುತ್ತೇವೆ. ಕಂಪ್ಯೂಟರಿನಲ್ಲಿ ನಾನೊಂದು ಡೇಟಾಬೇಸ್ ಮಾಡಿಟ್ಟಿದ್ದೆ. ಗಿರಾಕಿಯ ಹೆಸರು, ಊರು, ಫೋನ್ ನಂಬರು, ಒಯ್ದ ಚೀಲ ಯಾವ ಕಂತಿನದೆಂದು ತೋರಿಸುವ ಲಾಟ್ ನಂಬರು, ಇಷ್ಟೇ. ಯಾವ ಬೀಜ ಯಾರ ಹೊಲಕ್ಕೆ ಹೋಯಿತೆಂದು ಕೇಳಿದ ಕೂಡಲೇ ಸಿಗಬೇಕೆಂಬ ಆಸೆ. ಅಪ್ಪ ತುಂಬಲು ಬಿಡಲಿಲ್ಲ.

“ಮೂವತ್ತು ವರ್ಷದ ಗಿರಾಕಿಗೆ ಹೆಸರು ಕೇಳೂದೇನ? ನಾವೇನು ಪೊಲೀಸರ? ಎಲ್ಲಾ ನನ್ನ ತಲಿಯಾಗ ಐತಿ, ಸುಮ್ನಿರು.”

ಸುಮ್ಮನಿದ್ದೆ. ಅದಕ್ಕಾಗಿ ನನ್ನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಅಪ್ಪ ಪ್ರತಿ ಶುಕ್ರವಾರ ಆ ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗುತ್ತಿದ್ದರು. ಅದರೊಳಗೆ ಒಂದು ಹೆಸರನ್ನೂ ಹಾಕಗೊಡಲಿಲ್ಲ.

ಬಿಲ್ಲಿನಲ್ಲಾದರೂ ಏನಿರುತ್ತಿತ್ತು? ‘ತಿಳವಳ್ಳಿ, ನಾಲ್ಕು ಚೀಲ.’ ಪೇಟೆಗೆ ಬಂದವರೊಬ್ಬರು ಇಡೀ ಓಣಿಗೆ ಬೀಜ ಒಯ್ಯುವುದು ನಮ್ಮ ಕಡೆಯ ರೂಢಿ. ಬಿತ್ತುವವರು ಯಾರೆಂದು ಕೇಳುವ ಪದ್ಧತಿಯೇ ಇರಲಿಲ್ಲ.

ಕಳೆದ ಮುಂಗಾರಿನಲ್ಲಿ ಮಿರಗದ ಮಳೆ ಬಿದ್ದು, ಊರೂರು ಬಿತ್ತಲು ಎದ್ದ ದಿನವೇ ಬೀಜದ ಕಂಪನಿಯಿಂದ ಫೋನ್ ಬಂತು. ಗೋವಿನಜೋಳದ ಒಂದು ಲಾಟ್ ಮೊಳೆಯುತ್ತಿಲ್ಲ, ಬಿತ್ತುವ ಮೊದಲೇ ವಾಪಸ್ ತರಿಸಿ, ಬದಲಿ ಚೀಲ ಕೊಡಿ ಎಂದರು. ಆ ಲಾಟನ್ನು ನಾವು ಆಗಲೇ ಮಾರಿ ಮುಗಿಸಿದ್ದೆವು.

ಅಪ್ಪ ಕಣ್ಣು ಮುಚ್ಚಿ ಒಯ್ದವರನ್ನು ಒಬ್ಬೊಬ್ಬರಾಗಿ ನೆನೆಯುತ್ತ ಹೋದರು, ನಾನು ಫೋನ್ ಹಚ್ಚುತ್ತ ಹೋದೆ. ಅಬಲೂರಿನ ಬೀಗರು, ಹಿರೇಕೆರೂರಿನ ದೊಡ್ಡ ಹೊಲದವರು, ಎಲ್ಲರೂ ಬಿತ್ತನೆ ನಿಲ್ಲಿಸಿದರು. ಮಧ್ಯಾಹ್ನದ ಹೊತ್ತಿಗೆ ಅಪ್ಪನ ನೆನಪು ಮುಗಿಯಿತು. ಇನ್ನೂ ಏಳು ಚೀಲ ಬಾಕಿ.

“ತಿಳವಳ್ಳಿ ಕಡೇವ್ರು ಇರಬೇಕು. ಒಬ್ಬಾಕಿ ಹಸಿರು ಸೀರಿ ಉಟ್ಟಿದ್ಲು,” ಎಂದರು.

“ಹಸಿರು ಸೀರಿಗೆ ಫೋನ್ ಹೆಂಗ ಹಚ್ಚಲಿ, ಅಪ್ಪಾ?” ಎಂದು ಗಿರಾಕಿಗಳ ಮುಂದೆಯೇ ಒದರಿದೆ. ತಿಳವಳ್ಳಿಗೆ ಗಾಡಿ ಓಡಿಸಿಕೊಂಡು ಹೋಗಿ ಓಣಿ ಓಣಿ ಕೇಳಿದೆ. ಆರು ಚೀಲ ಸಿಕ್ಕವು, ಒಂದು ಸಿಗಲಿಲ್ಲ.

ಹತ್ತು-ಹನ್ನೆರಡು ದಿನಕ್ಕೆ, ಸಿಗದೆ ಉಳಿದ ಆ ಚೀಲದ ಹೆಣ್ಣುಮಗಳೇ ಅಂಗಡಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ, ಹೊಲದಿಂದ ಕೆದರಿ ತಂದ ಕಾಳುಗಳನ್ನು ಅಪ್ಪನ ಮುಂದೆ ಸುರಿದಳು. ಒಂದಕ್ಕೂ ಮೊಳಕೆ ಇರಲಿಲ್ಲ.

“ದೊಡ್ಡ ಮನಿಯವರಿಗೆಲ್ಲಾ ಫೋನ್ ಮಾಡಿ ಹೇಳೀರಂತ. ನಂದು ಒಂದ ಚೀಲ ಅಂತ ಬಿಟ್ರೇನ್ರಿ?”

“ಹಂಗಲ್ಲ ತಂಗಿ...” ಎಂದರು ಅಪ್ಪ. ಆದರೆ ಹಾಗೆಯೇ ಆಗಿತ್ತು. ಅವರು ಅಷ್ಟು ಹೆಮ್ಮೆಪಡುತ್ತಿದ್ದ ನೆನಪಿನಲ್ಲಿ ಉಳಿದವರು ಹೆಚ್ಚು ಚೀಲ ಒಯ್ಯುವವರು, ಕುಳಿತು ಚಹಾ ಕುಡಿದು ಹೋಗುವವರು. ಡೇಟಾಬೇಸಿನಲ್ಲಾದರೆ ದೊಡ್ಡ ಮನೆಯವರಿಗೂ ಒಂದೇ ಸಾಲು, ಈಕೆಗೂ ಒಂದು ಸಾಲು ಇರುತ್ತಿತ್ತು. ಅದೊಂದು ಸಾಲು ಬರೆದುಕೊಳ್ಳಲು ನಮಗೆ ಸಂಕೋಚ ಅಡ್ಡ ಬಂದಿತ್ತು.

ಅಷ್ಟರಲ್ಲಿ ಮಳೆ ಹೋಗಿ ಎಂಟು ದಿನವಾಗಿ, ಬಿತ್ತುವ ಹದದ ತೇವ ಆರಿ, ನೆಲ ಒಣಗಿ ಬಿರಿಯತೊಡಗಿತ್ತು. ಅಪ್ಪ ಒಳಗಿನಿಂದ ಹೊಸ ಚೀಲ ತಂದು ಎರಡೂ ಕೈಯಿಂದ ಆಕೆಯತ್ತ ಚಾಚಿದರು. ಆಕೆ ಮುಟ್ಟಲಿಲ್ಲ.

“ಚೀಲ ಕೊಡ್ತೀರಿ. ಹೋದ ಹದ ಎಲ್ಲಿಂದ ತಂದುಕೊಡ್ತೀರಿ?” ಎಂದಳು.