ಅಳ್ಳಾಡದ ತೋಳು

ಮೊನ್ನೆ ಶಹಾಬಾದಿನಲ್ಲಿ ನಮ್ಮ ಎದುರುಮನೆಯವರು ಗೇಟಿಗೆ ರೆಡ್ ಆಕ್ಸೈಡ್ ಬಣ್ಣ ಹಚ್ಚಿಸುತ್ತಿದ್ದರು. ವಾಸನೆ ಒಳಗೆ ಬಂದದ್ದೇ ನಾನು ಎದ್ದು ಕಿಟಕಿ ಮುಚ್ಚಿದೆ. ಹೆಂಡತಿ, “ಇದೂ ಆಗಿಬರಂಗಿಲ್ಲೇನ್ರಿ ನಿಮಗ?” ಎಂದಳು. ಹೂಂ ಎಂದೆ. ನನಗೆ ಆಗಿಬಾರದ ವಸ್ತುಗಳು ಮೊದಲೇ ಬಹಳ. ಇನ್ನೊಂದು ಸೇರಿದರೆ ಯಾರೂ ಕೇಳುವುದಿಲ್ಲ. ನನಗೆ ನೆನಪಾದದ್ದು ಸೇಡಂನ ಒಂದು ಮನೆ, ಅಲ್ಲಿ ಹಾಸಿಗೆಯ ಪಕ್ಕಕ್ಕಿದ್ದ ಅದೇ ಬಣ್ಣದ ಕಬ್ಬಿಣದ ತೋಳು, ಮತ್ತು ನಮ್ಮ ಸರ್...

ಪಾಲಿಟೆಕ್ನಿಕ್ಕಿನಲ್ಲಿ ನನಗೆ ಮೆಕ್ಯಾನಿಕ್ಸ್ ಕಲಿಸಿದವರು ಅವರು. ಮೆಸ್ ಮುಚ್ಚಿದಾಗಲೆಲ್ಲ ಅವರ ಮನೆಯಲ್ಲೇ ನನ್ನ ಊಟ. ಬಡಿಸುತ್ತಿದ್ದವರು ಅವರ ಹೆಂಡತಿ. ಸರ್ ನಿವೃತ್ತರಾದ ಮೇಲೆ ಆ ತಾಯಿಗೆ ಲಕ್ವಾ ಹೊಡೆಯಿತು. ಅವರನ್ನು ಹಾಸಿಗೆಯಿಂದ ಎತ್ತಿ ಕುರ್ಚಿಗೆ ಕೂಡಿಸಲು ಸರ್ ಒಂದು ತೋಳು ಮಾಡಿಸಲು ಹೊರಟರು. ಬುಡದಲ್ಲಿ ತಿರುಗಿಸುವ ಮೋಟಾರು, ತುದಿಯಲ್ಲಿ ಜೋಲಿ. ಆ ವಯಸ್ಸಿನಲ್ಲಿ ತಾವೇ ಕಂಪ್ಯೂಟರ್ ಕಲಿತು, ಎಕ್ಸ್‌ಪ್ಲಿಸಿಟ್ ಡೈನಾಮಿಕ್ಸಿನಲ್ಲಿ, ಅಂದರೆ ಕ್ಷಣವನ್ನು ಚೂರು ಚೂರು ಮಾಡಿ ಲೆಕ್ಕ ಹಾಕುವ ವಿಧಾನದಲ್ಲಿ, ಮೋಟಾರಿನ ಏಟನ್ನು ತೋಳು ತಡೆಯುವುದೋ ಇಲ್ಲವೋ ನೋಡಿದ್ದರು. ನಾನು ಸೇಡಂಗೆ ಹೋದಾಗ ಅದನ್ನು ಪರದೆಯ ಮೇಲೆ ತೋರಿಸಿದರು.

“ನೋಡೋ, ಎಷ್ಟು ಮೊಮೆಂಟ್ ಕೊಟ್ರೂ ಕೂದಲೆಳಿಯಷ್ಟೂ ಅಳ್ಳಾಡಂಗಿಲ್ಲ!”

ಸಿಮೆಂಟ್ ಯಂತ್ರದ ಭಾಗಗಳು ಮುರಿಯುತ್ತವೆಯೋ ಎಂದು ಹೀಗೇ ಕಂಪ್ಯೂಟರಿನಲ್ಲಿ ಮೊದಲೇ ನೋಡಿ ಹೇಳುವುದು ನನ್ನ ಕಸುಬು. ಚಿಂತೆ ಮಾಡಿದ್ದಕ್ಕೇ ಸಂಬಳ. ಕಂಡ ಕೂಡಲೇ ತಿಳಿಯಿತು. ಘನ ಮಾದರಿಯ ಒಂದು ಬಿಂದುವಿಗೆ ಅವರು ನೇರವಾಗಿ ಮೊಮೆಂಟ್, ಅಂದರೆ ತಿರುಗಿಸುವ ಬಲ, ಹಾಕಿದ್ದರು. ಆ ಬಿಂದುವಿಗೆ ಅತ್ತಿತ್ತ ಸರಿಯುವುದಷ್ಟೇ ಗೊತ್ತು, ತಿರುಗುವುದು ಗೊತ್ತೇ ಇಲ್ಲ. ಹಾಕಿದ ಬಲವನ್ನು ಪ್ರೋಗ್ರಾಂ ಸದ್ದಿಲ್ಲದೆ ಬಿಟ್ಟುಬಿಟ್ಟಿತ್ತು. ತೋಳು ಅಳ್ಳಾಡದ್ದು ಗಟ್ಟಿಯಿದ್ದುದಕ್ಕಲ್ಲ, ಅದನ್ನು ಯಾರೂ ಮುಟ್ಟಿಯೇ ಇರಲಿಲ್ಲ.

“ಭಾಳ ಛಲೋ ಆಗ್ಯಾದ್ರಿ ಸರ್,” ಎಂದೆ. ಗುರುಗಳ ಎದುರು ತಪ್ಪು ಎನ್ನಲು ನಾಲಿಗೆ ಏಳಲಿಲ್ಲ.

ಶಹಾಬಾದಿಗೆ ಬಂದು, ನನ್ನ ಕಂಪ್ಯೂಟರಿನಲ್ಲಿ ತೋಳಿನ ಬುಡದ ಬಿಂದುಗಳನ್ನೆಲ್ಲ ಒಂದು ಗಟ್ಟಿ ಬಿಲ್ಲೆಗೆ ಕಟ್ಟಿ, ಆ ಬಿಲ್ಲೆಗೆ ಮೊಮೆಂಟ್ ಕೊಟ್ಟು ನೋಡಿದೆ. ಪರದೆಯ ಮೇಲೆ ತೋಳಿನ ಪೈಪು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡಿತು. ಫೋನ್ ಮಾಡಿದೆ.

“ಸರ್, ಪೈಪ್ ಒಂದೀಟು ದಪ್ಪಂದು ಹಾಕಸ್ರಿ.”

“ಯಾಕ? ಲೆಕ್ಕದಾಗ ಏನರ ತಪ್ಪದೇನು?”

“ಇಲ್ರಿ, ಲೆಕ್ಕ ಬರೋಬ್ಬರಿ ಅದರಿ. ಸುಮ್ನ, ಧೈರ್ಯಕ್ಕ...”

ಸರ್ ನಕ್ಕರು. “ಹಾಲ್ ಟಿಕೆಟ್ ಕಿಸೆದಾಗಿದ್ರೂ ಕಳದದ ಅಂತ ಅಳೋವ ನೀ. ನಿನ್ನ ಧೈರ್ಯದ ಭಾರಾನೂ ನನ್ನ ಮೋಟಾರೇ ಎತ್ತಬೇಕೇನೋ?”

ಫೋನ್ ಇಟ್ಟರು. ದಿನಾ ಇಲ್ಲದ್ದಕ್ಕೆಲ್ಲ ಹೆದರುವವನು ಇದ್ದದ್ದಕ್ಕೂ ಹೆದರಿದರೆ ಯಾರು ನಂಬುತ್ತಾರೆ? ಮತ್ತೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಚಿಂತೆ ಮಾತ್ರ ಮನಸಾರೆ ಮಾಡಿದೆ.

ಆ ವಾರದ ಕೊನೆಗೆ ಅವರದೇ ಫೋನ್ ಬಂತು. “ಮೊದ್ಲು ಜೋಳದ ಚೀಲ ಕಟ್ಟಿ ಚಾಲೂ ಮಾಡಿದ್ದೆ. ತೋಳು ತಿರುಚಿ ಚೀಲ ಬಿದ್ದು ಒಡೀತು. ಆಕಿ ಹಾಸಿಗ್ಯಾಗಿಂದ ನೋಡ್ಲಿಕತ್ತಿದ್ಲು.” ಆಮೇಲೆ ಕೇಳಿದರು, “ನಿನಗ ಗೊತ್ತಿತ್ತೇನು?”

“ಹೂಂ ರಿ ಸರ್.”



“ನನ್ನ ಮರ್ಯಾದಿ ಕಾಯ್ದೀಪಾ. ಆಕಿ ನಿನಗ ಉಣ್ಣಾಕ ಹಾಕ್ಯಾಳ. ಆಕೀದು ಜೀವ ಅಲ್ಲೇನು?”

ಮರುದಿನವೇ ಸೇಡಂಗೆ ಹೋದೆ. ಇಬ್ಬರೂ ಕೂತು ಲೆಕ್ಕ ತಿದ್ದಿದೆವು. ದಪ್ಪ ಪೈಪು ಬಂತು. ಆ ತಾಯಿ ಕುರ್ಚಿಯಲ್ಲಿ ಕೂತರು, ನನಗೆ ಊಟ ಮಾಡಿಯೇ ಹೋಗಬೇಕೆಂದು ಕೈಸನ್ನೆ ಮಾಡಿದರು. ಸರ್ ಬೈಯಲಿಲ್ಲ. ಆದರೆ ಅಂದಿನಿಂದ ನನ್ನನ್ನು ‘ನೀವು’ ಎನ್ನತೊಡಗಿದರು. “ನೀವು ನೋಡ್ರಿ. ಖರೇ ಹೇಳ್ರಿ.” ಅವರು ಬದುಕಿರುವವರೆಗೂ ಆ ‘ನೀವು’ ಹೋಗಲಿಲ್ಲ. ಈಗ ಅವರೇ ಇಲ್ಲ...

ನಮ್ಮ ಆಫೀಸಿಗೆ ಹೊಸದಾಗಿ ಬಂದ ಇಂಜಿನಿಯರ್ ಹೆಣ್ಣುಮಗಳು ನಿನ್ನೆ ಅದೇ ತಪ್ಪು ಮಾಡಿದ್ದಳು. “ಇದು ತಪ್ಪದವಾ,” ಎಂದೆ. “ಹೌದೇನ್ರಿ ಸರ್? ಎಲ್ಲಿ?” ಎನ್ನುತ್ತ ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಆವತ್ತೇ ಹೇಳಿದ್ದರೆ ನಮ್ಮ ಸರ್ ಕೂಡ ಅಷ್ಟೇ ಮಾಡುತ್ತಿದ್ದರು.